ಬಯಲುಸೀಮೆ ತೋಟಕ್ಕೆ ಅಪರೂಪದ ಗಡ್ಡೆ ಹೂವು: ಆರಿಸೋದರಿಂದ ಮಲಗಿಸೋವರೆಗೆ

ಯುಗಾದಿ ಹತ್ರ ಬಂತು ಅಂದ್ರೆ ಒಂದೇ ಪ್ರಶ್ನೆ ನಾಲ್ಕು ಕಡೆಯಿಂದ ಬರತ್ತೆ. ಚಿಂತಾಮಣಿಯವರು ಕೇಳ್ತಾರೆ, ಶಿರಾದವರು ಕೇಳ್ತಾರೆ, ಮಾಲೂರಿನವರು ಕೇಳ್ತಾರೆ: ಮನೆ ಮುಂದೆ ಸ್ವಲ್ಪ ಜಾಗ ಇದೆ, ಎಲ್ಲರ ಮನೇಲೂ ಇರೋ ದಾಸವಾಳ, ಕ್ರೋಟನ್ ಬೇಡ, ನೋಡಿದವರು ನಿಂತು "ಇದೇನಿದು" ಅಂತ ಕೇಳೋ ಹಂಗಿರಬೇಕು, ಯಾವ ಗಡ್ಡೆ ಹಾಕ್ಲಿ, ಟುಲಿಪ್ ಬರತ್ತಾ? ಒಬ್ಬೊಬ್ಬರಿಗೆ ಹೇಳೋ ಬದಲು ಎಲ್ಲಾ ಒಂದೇ ಕಡೆ ಬರೀತಿದೀನಿ. ನಾನಿರೋದು ಚಿಕ್ಕಬಳ್ಳಾಪುರ, ಕೆಂಪು ಮಣ್ಣು, ಬೋರ್‌ವೆಲ್ ನೀರು, ಹಾಗಾಗಿ ಇಲ್ಲಿ ಹೇಳೋದು ಕೋಲಾರ, ತುಮಕೂರು ಕಡೆಗೂ ಹೆಚ್ಚುಕಮ್ಮಿ ಹಾಗೇ ಹೊಂದತ್ತೆ.

ಮೊದಲು ಟುಲಿಪ್ ವಿಷಯ ಮುಗಿಸಿಬಿಡೋಣ. ಟುಲಿಪ್, ಡ್ಯಾಫೋಡಿಲ್, ಹಯಸಿಂತ್ ಇವು ನಮ್ಮ ನೆಲದಲ್ಲಿ ನಿಲ್ಲಲ್ಲ. ಟುಲಿಪ್ ಗಡ್ಡೆ ಒಳಗಿರೋ ಮೊಗ್ಗು ಉದ್ದ ಬೆಳೀಬೇಕಂದ್ರೆ 12ರಿಂದ 16 ವಾರ 9 ಡಿಗ್ರಿಗಿಂತ ಕೆಳಗಿನ ಚಳಿ ಬೇಕು. ನಂದಿ ಬೆಟ್ಟ 1,478 ಮೀಟರ್ ಎತ್ತರ ಇದೆ, ಅಲ್ಲೂ ಅಷ್ಟು ವಾರ ಬಿಡದೆ ಆ ಚಳಿ ಇರಲ್ಲ, ಇನ್ನು ಕೆಳಗಿರೋ ನಮ್ಮ ಊರುಗಳ ಮಾತೇ ಬೇಡ. ಫ್ರಿಜ್‌ನಲ್ಲಿಟ್ಟು ಚಳಿ ಕೊಟ್ಟು ಒಂದು ಸಲ ಹೂ ಬಿಡಿಸ್ಬಹುದು, ಆದ್ರೆ ಅದೇ ಫ್ರಿಜ್‌ನಲ್ಲಿ ಸೇಬು, ಬಾಳೆಹಣ್ಣು ಇದ್ರೆ ಅದರಿಂದ ಬರೋ ಎಥಿಲೀನ್ ಗ್ಯಾಸ್‌ಗೆ ಮೊಗ್ಗು ಒಳಗೇ ಸತ್ತೋಗತ್ತೆ. ಹೂ ಬಂದ್ರೂ ಆ ಗಡ್ಡೆ ಮುಂದಿನ ವರ್ಷಕ್ಕೆ ಬರಲ್ಲ. ಆ ದುಡ್ಡಲ್ಲಿ ವರ್ಷ ವರ್ಷ ಎರಡು ನಾಲ್ಕಾಗೋ ಗಡ್ಡೆಗಳು ಬೇಕಾದಷ್ಟಿವೆ.

ಗಡ್ಡೆ ಅಂದ್ರೆ ಏನು ಅಂತ ಒಂದ್ಸಲ ಯೋಚ್ನೆ ಮಾಡಿ. ಕಷ್ಟದ ಕಾಲ ಬಂದಾಗ ಎಲೆ ಎಲ್ಲಾ ಬಿಟ್ಟು ಮಣ್ಣೊಳಗೆ ಮಲಗಿ ಕಾಲ ಕಳೆಯೋ ಗಿಡ ಅದು. ಚಳಿ ದೇಶದಲ್ಲಿ ಅವುಗಳ ಲೆಕ್ಕ ಬೇರೆ, ನಮ್ಮಲ್ಲಿ ಕಷ್ಟದ ಕಾಲ ಅಂದ್ರೆ ಕಾರ್ತಿಕ ಕಳೆದ ಮೇಲಿಂದ ಯುಗಾದಿವರೆಗಿನ ಒಣಗಾಲ. ಆಮೇಲೆ ಅಶ್ವಿನಿ, ಭರಣಿ ಮಳೆ ಬೀಳತ್ತೆ, ಏಪ್ರಿಲ್ ಮಧ್ಯದಿಂದ ಮೇ ಎರಡನೇ ವಾರದವರೆಗೆ. ಭರಣಿ ಮಳೆ ಬಂದ್ರೆ ಧರಣಿಯೆಲ್ಲಾ ಬೆಳೆ ಅಂತಾರಲ್ಲ, ನಮ್ಮ ವಸಂತ ನಿಜವಾಗಿ ಶುರು ಆಗೋದು ಆಗ. ಹಾಗಾಗಿ ಹೂವಿನ ಫೋಟೋ ನೋಡಿ ಗಡ್ಡೆ ಆರಿಸ್ಬೇಡಿ, ಅದು ಯಾವಾಗ ಮಲಗತ್ತೆ ಯಾವಾಗ ಏಳತ್ತೆ ಅಂತ ನೋಡಿ ಆರಿಸಿ. ಡಿಸೆಂಬರಿಂದ ಮಾರ್ಚ್ ತನಕ ಒಣಗಿದ ಮಣ್ಣಲ್ಲಿ ಮಲಗಿ ಮೊದಲ ಮಳೆಗೆ ಏಳೋ ಗಡ್ಡೆ ಯಾವ ದೇಶದ್ದಾದ್ರೂ ಸರಿ, ಆಫ್ರಿಕಾದ್ದಿರಲಿ ಮೆಕ್ಸಿಕೋದ್ದಿರಲಿ, ಇಲ್ಲಿ ಒಗ್ಗತ್ತೆ.

1. ಜಾಗ ನೋಡಿ, ನೀರು ಇಳಿಯತ್ತಾ ನೋಡಿ

ಗಡ್ಡೆ ಕೊಳೆಯೋದಕ್ಕೆ ಮುಖ್ಯ ಕಾರಣ ನಿಂತ ನೀರು. ಮನೆ ಮುಂದೆ ಒಂದಡಿ ಆಳ ಒಂದಡಿ ಅಗಲ ಗುಂಡಿ ತೆಗೀರಿ, ನೀರು ತುಂಬಿ, ಅದು ಇಳಿದ ಮೇಲೆ ಇನ್ನೊಂದ್ಸಲ ತುಂಬಿ. ಎರಡನೇ ಸಲದ್ದು ಒಂದೆರಡು ಗಂಟೇಲಿ ಖಾಲಿ ಆದ್ರೆ ನೆಲದಲ್ಲೇ ಹಾಕ್ಬಹುದು. ಸಂಜೆ ತುಂಬಿದ್ದು ಬೆಳಿಗ್ಗೆನೂ ಇದೆ ಅಂದ್ರೆ ಕೆಳಗೆ ಗಟ್ಟಿ ಪದರ ಇದೆ, ಇಲ್ಲಾ ಪಾವಗಡ, ಶಿರಾ ಕಡೆ ಇರೋ ಹಾಗೆ ಎರೆ ಮಣ್ಣಿನ ಪಟ್ಟೆ ಇದೆ ಅಂತ. ಆಗ ಇಟ್ಟಿಗೆ ಕಟ್ಟಿ ಮುಕ್ಕಾಲು ಅಡಿ ಏರು ಮಡಿ ಮಾಡಿ, ಅಥವಾ ಕುಂಡಕ್ಕೆ ಹೋಗಿ.

ಬಿಸಿಲಿನ ಲೆಕ್ಕನೂ ಹಾಕ್ಕೊಳ್ಳಿ. ಬೆಳಗಿನ ಬಿಸಿಲು 4 ಗಂಟೆ, ಮಧ್ಯಾಹ್ನ ನೆರಳು ಇರೋ ಪೂರ್ವದ ಗೋಡೆ ಪಕ್ಕ ಎಲ್ಲಕ್ಕಿಂತ ಒಳ್ಳೇ ಜಾಗ. ಪಶ್ಚಿಮದ ಗೋಡೆಗೆ ಏಪ್ರಿಲ್‌ನಲ್ಲಿ ಬೀಳೋ ಬಿಸಿಲಿಗೆ ಕೆಲಾಡಿಯಂ (ಬಣ್ಣದ ಕೆಸು) ಅಂಥ ತೆಳು ಎಲೆ ಒಂದೇ ದಿನದಲ್ಲಿ ಸುಟ್ಟು ಹಪ್ಪಳ ಆಗತ್ತೆ. ಅಲ್ಲಿಗೆ 50 ಪರ್ಸೆಂಟ್ ಶೇಡ್ ನೆಟ್ ಕಟ್ಟಿ, ಬೇಸಿಗೆ ಆಲಿಕಲ್ಲು ಮಳೆಗೂ ಅದೇ ಕಾಪಾಡತ್ತೆ.

2. ನಾಲ್ಕು ಪದ ತಿಳ್ಕೊಳ್ಳಿ

ನಾವು ಎಲ್ಲಕ್ಕೂ ಗಡ್ಡೆ ಅಂತೀವಿ, ಮಾರೋರು ಎಲ್ಲಕ್ಕೂ ಬಲ್ಬ್ ಅಂತಾರೆ, ಆದ್ರೆ ನೆಡೋ ರೀತಿ ಬೇರೆ ಬೇರೆ. ಅಡ್ಡಡ್ಡ ಕೊಯ್ದರೆ ಈರುಳ್ಳಿ ತರ ಪದರ ಪದರ ಕಂಡ್ರೆ ಅದು ನಿಜವಾದ ಬಲ್ಬ್, ಅಮರಿಲಿಸ್, ಮಳೆ ಲಿಲಿ ಈ ಜಾತಿ. ಒಳಗೆ ಪದರ ಇಲ್ಲದೆ ಗಟ್ಟಿ ಇದ್ದು ಮೇಲೆ ಒಂದು ಕಣ್ಣು ಇದ್ರೆ ಕಾರ್ಮ್, ಸುವರ್ಣಗೆಡ್ಡೆ, ಗ್ಲಾಡಿಯೋಲಸ್ ತರ. ಶುಂಠಿ, ಅರಿಶಿನದ ತರ ನೆಲದೊಳಗೆ ಅಡ್ಡಕ್ಕೆ ಹಬ್ಬೋದು ರೈಜೋಮ್. ಆಹಾರ ತುಂಬ್ಕೊಂಡು ಉಬ್ಬಿರೋದು, ಕಣ್ಣು ತುದೀಲೋ ಮೈಮೇಲೋ ಇರೋದು ಟ್ಯೂಬರ್. ಇನ್ನು ಡಾರ್ಮೆನ್ಸಿ ಅಂತ ಕೇಳಿದ್ರೆ ಅದು ಗಡ್ಡೆಯ ನಿದ್ದೆ, ಆಫ್‌ಸೆಟ್ ಅಂದ್ರೆ ತಾಯಿ ಗಡ್ಡೆ ಪಕ್ಕ ಹುಟ್ಟೋ ಮರಿ.

3. ಆರಿಸೋದು

ಇಲ್ಲಿ ನಿಧಾನ ಮಾಡಿ. ಎಕ್ಸಾಟಿಕ್ ತೋಟ ಅಂದ್ರೆ ಬರೀ ಹೂವಲ್ಲ, ಮುಕ್ಕಾಲು ಭಾಗ ಎಲೆ. ದೊಡ್ಡ ಎಲೆ, ಚುಕ್ಕೆ ಎಲೆ, ಪಟ್ಟೆ ಎಲೆ, ಅದರ ಮಧ್ಯೆ ಇದ್ದಕ್ಕಿದ್ದಂಗೆ ಏಳೋ ಹೂವು. ಹಿಂದೆ ಎತ್ತರದ್ದು, ಮುಂದೆ ಕುಳ್ಳದ್ದು, ಬೇಲಿಗೆ ಬಳ್ಳಿ, ಹೀಗೆ ಜಾಗ ಹಂಚಿ.

ಫುಟ್‌ಬಾಲ್ ಲಿಲಿ. ಸ್ಕಾಡಾಕ್ಸಸ್ ಅಂತ ಹೆಸರು, ಆಫ್ರಿಕಾದ್ದು, ಕೆಲವರು ಮೇ ಫ್ಲವರ್ ಅಂತಾರೆ. ಒಂದೇ ಒಂದು ಆರಿಸಿ ಅಂದ್ರೆ ನಾನು ಇದನ್ನೇ ಹೇಳೋದು. ನಾಲ್ಕು ತಿಂಗಳು ಕುಂಡದಲ್ಲಿ ಏನೂ ಇರಲ್ಲ, ಬರೀ ಒಣ ಮಣ್ಣು. ಏಪ್ರಿಲ್ ಕೊನೇಲಿ ಒಂದು ಮಳೆ ಬಿದ್ದು ಎರಡು ಮೂರು ದಿನಕ್ಕೆ ಮಣ್ಣು ಸಣ್ಣಗೆ ಬಿರುಕು ಬಿಡತ್ತೆ, ಆ ಬಿರುಕಲ್ಲಿ ಹೆಬ್ಬೆರಳಿನ ತುದಿಯಷ್ಟು ದಪ್ಪಕ್ಕೆ ಮೂಗು ಕಾಣತ್ತೆ, ತಿಳಿ ಹಸಿರು ಮೇಲೆ ಕಂದು ಕೆಂಪು ಚುಕ್ಕೆ. ದಿನಕ್ಕೆ ಇಷ್ಟಿಷ್ಟೇ ಏರಿ, ತುದಿ ಬಿಚ್ಚಿ, ಮೊದಲು ಕುಂಚದ ಹಾಗೆ ಕೆಂಪು ಎಳೆಗಳು ಆಚೆ ಬಂದು ಆಮೇಲೆ ಪೂರ್ತಿ ದುಂಡಗೆ ಚೆಂಡು. ಒಂದು ಚೆಂಡಲ್ಲಿ 200ರವರೆಗೂ ಸಣ್ಣ ಹೂ ಇರ್ತವೆ. ಹೂ ಇರೋದು ವಾರ ಹತ್ತು ದಿನ ಅಷ್ಟೇ, ಆದ್ರೆ ಆಮೇಲೆ ಬರೋ ಅಗಲ ಎಲೆನೂ ಮಳೆಗಾಲ ಪೂರ್ತಿ ಚೆನ್ನಾಗಿರತ್ತೆ. ಅರೆ ನೆರಳು ಸಾಕು.

ಗೌರಿ ಹೂವು. ಅಗ್ನಿಶಿಖೆ ಅಂತಾನೂ ಕರೀತಾರೆ, ಗ್ಲೋರಿಯೋಸಾ. ಬೆಂಕಿ ನಾಲಿಗೆ ತರ ಹಿಂದಕ್ಕೆ ಬಾಗಿದ ಎಸಳು, ಹಸಿರಾಗಿ ಶುರುವಾಗಿ ಹಳದಿ ಕೆಂಪಿಗೆ ತಿರುಗತ್ತೆ. ಜಿಂಬಾಬ್ವೆಯ ರಾಷ್ಟ್ರ ಹೂವು, ಪಕ್ಕದ ತಮಿಳುನಾಡಿನ ರಾಜ್ಯ ಹೂವು, ನಮ್ಮ ಕಡೆ ಕುರುಚಲು ಕಾಡಿನ ಬೇಲಿಗಳಲ್ಲೂ ಹಬ್ಬಿರತ್ತೆ. ಕಾಡಿಂದ ಅಗೆದು ತರ್ಬೇಡಿ ದಯವಿಟ್ಟು, ಹಾಗೆ ಕಿತ್ತು ಕಿತ್ತೇ ಅದು ಕಮ್ಮಿ ಆಗಿರೋದು, ಬೆಳೆಸಿ ಮಾರೋರ ಹತ್ರ ತಗೊಳ್ಳಿ. ಎಲೆ ತುದಿನೇ ಸುರುಳಿ ಸುತ್ತಿ ಹಿಡ್ಕೊಂಡು ಹತ್ತೋದ್ರಿಂದ ದಪ್ಪ ಕಂಬ ಬೇಡ, ತೆಳು ಕಡ್ಡಿ ಅಥವಾ ಚೈನ್‌ಲಿಂಕ್ ಬೇಲಿ ಬೇಕು.

ಸುವರ್ಣಗೆಡ್ಡೆ. ಹೌದು, ಸಂತೇಲಿ ಪಲ್ಯಕ್ಕೆ ತಗೊಳ್ಳೋದೇ. ಚಳಿ ದೇಶದವರು ಇದರ ಬಳಗದ ಗಡ್ಡೆಗಳನ್ನ ದುಬಾರಿ ಕೊಟ್ಟು ತಗೊಂಡು ಚಳಿಗಾಲದಲ್ಲಿ ಮನೆ ಒಳಗಿಟ್ಟು ಕಾಪಾಡ್ತಾರೆ, ಯಾಕಂದ್ರೆ ಚುಕ್ಕೆ ಚುಕ್ಕೆ ದಂಟಿನ ಮೇಲೆ ಕೊಡೆ ಬಿಚ್ಚಿದ ಹಾಗೆ ಎಲೆ ನಿಲ್ಲೋ ಆ ನೋಟ ಬೇರೆ ಯಾವುದಕ್ಕೂ ಇಲ್ಲ. ಮಧ್ಯದ ಕಣ್ಣು ಗಟ್ಟಿ ಇರೋ ಇಡೀ ಗಡ್ಡೆ ಆರಿಸಿ, ಹೋಳು ಮಾಡಿದ್ದು ಬೇಡ. ಗಡ್ಡೆ ತುಂಬಾ ದೊಡ್ಡದಾದ್ರೆ ಬೇಸಿಗೇಲಿ ಹೂವೂ ಬರತ್ತೆ, ನೋಡೋಕೆ ಅದ್ಭುತ, ಆದ್ರೆ ನೊಣ ಕರೆಯೋಕೆ ಒಂದೆರಡು ದಿನ ಕೊಳೆತ ಮಾಂಸದ ವಾಸನೆ ಬಿಡತ್ತೆ, ಅದಕ್ಕೆ ಕಿಟಕಿ ಹತ್ರ ನೆಡೋದು ಬೇಡ.

ನೆಲಸಂಪಿಗೆ. ಅರಿಶಿನದ ಬಳಗದ್ದು. ಎಲೆ ಬರೋಕೆ ಮುಂಚೆ ಬರೀ ನೆಲದಿಂದ ಬಿಳಿ ನೇರಳೆ ಹೂ ಅರಳತ್ತೆ, ಘಮ ಇದೆ, ಬಗ್ಗಿ ನೋಡಬೇಕು ಅಷ್ಟೇ. ಆಮೇಲಿನ ಎಲೆ ಮೇಲೆ ಬೆಳ್ಳಿ ಬಣ್ಣದ ಚಿತ್ತಾರ, ಕೆಳಗೆ ನೇರಳೆ. ನಡೆಯೋ ದಾರಿ ಪಕ್ಕಕ್ಕೆ ಇದಕ್ಕಿಂತ ಒಳ್ಳೇದು ಸಿಗಲ್ಲ. ಟುಲಿಪ್ ಆಸೆ ಬಿಡೋಕೆ ಆಗ್ತಿಲ್ಲ ಅನ್ನೋರಿಗೆ ಇದರದ್ದೇ ನೆಂಟ ಸಯಾಮ್ ಟುಲಿಪ್ ಇದೆ, ಥಾಯ್ಲೆಂಡ್ ಕಡೇದು, ಗುಲಾಬಿ ಬಣ್ಣದ ತೆನೆ, ತಿಂಗಳು ಹತ್ರ ನಿಲ್ಲತ್ತೆ, ಕಿತ್ತು ಹೂದಾನೀಲಿ ಇಟ್ರೂ ಬೇಗ ಬಾಡಲ್ಲ.

ಅಮರಿಲಿಸ್ ಎಲ್ಲರ ಹತ್ರ ಇರತ್ತೆ ಅಂತ ಬಿಟ್ಟುಬಿಡ್ಬೇಡಿ. ಗಿಡದ ಶಾಸ್ತ್ರದಲ್ಲಿ ಅದರ ಹೆಸರು ಹಿಪ್ಪಿಯಾಸ್ಟ್ರಮ್, ಅದರಲ್ಲಿ ಪಪೀಲಿಯೋ ಅಂತ ಬ್ರೆಜಿಲ್‌ನ ಜಾತಿ ಇದೆ, ತಿಳಿ ಹಸಿರು ಎಸಳಿನ ಮೇಲೆ ಕಡು ಕೆಂಪು ಗೀರು, ಚಿಟ್ಟೆ ತರಾನೇ. ಇದು ಮಾತ್ರ ಪೂರ್ತಿ ಮಲಗಲ್ಲ, ಎಲೆ ಹಸಿರಾಗೇ ಇರತ್ತೆ, ಅದನ್ನ ಒಣಗಿಸ್ಬೇಡಿ. ಅದೇ ಕುಟುಂಬದ ಮೆಕ್ಸಿಕೋದ ಸ್ಪ್ರೆಕೇಲಿಯಾ ಕಡುಗೆಂಪು, ಆರ್ಕಿಡ್ ಆಕಾರ, ನಮ್ಮ ಒಣ ಚಳಿಗಾಲ ಅದಕ್ಕೆ ಹೇಳಿ ಮಾಡಿಸಿದಂಗಿದೆ.

ನೆರಳಿಗೆ ಕೆಲಾಡಿಯಂ, ಅಂದ್ರೆ ಬಣ್ಣದ ಕೆಸು. ಬಚ್ಚಲ ಹಿಂದಿನ ತಂಪು ಮೂಲೆ ಇದ್ರೆ ಯೂಕ್ಯಾರಿಸ್, ಅಮೆಜಾನ್ ಲಿಲಿ, ಬಿಳಿ ಹೂ, ಸುವಾಸನೆ, ಇದೂ ನಿದ್ದೆ ಮಾಡಲ್ಲ, ಆದ್ರೆ ಸೋಪಿನ ನೀರು ಹರಿಯೋ ಕಡೆ ಬೇಡ. ಅಂಚಿಗೆ ಮಳೆ ಲಿಲಿ.

ಬಿಡಬೇಕಾದ್ದು ಎರಡು. ಕಪ್ಪು ಬಾವಲಿ ಹೂವು ಅಂತ ಫೋಟೋ ನೋಡಿ ಎಲ್ಲರೂ ಕೇಳ್ತಾರೆ, ಅದಕ್ಕೆ ಗಾಳೀಲಿ ಯಾವಾಗ್ಲೂ ತೇವ ಬೇಕು, ನಮ್ಮ ಮಾರ್ಚ್ ಗಾಳಿ ಅದಕ್ಕೆ ಆಗಲ್ಲ. ಏಷ್ಯಾಟಿಕ್, ಓರಿಯೆಂಟಲ್ ಲಿಲಿ ಮೊದಲ ವರ್ಷ ಚೆನ್ನಾಗೇ ಬರತ್ತೆ, ಯಾಕಂದ್ರೆ ಕೋಲ್ಡ್ ಸ್ಟೋರೇಜಿಂದ ಚಳಿ ಮುಗಿಸ್ಕೊಂಡೇ ಬಂದಿರತ್ತೆ, ಎರಡನೇ ವರ್ಷ ಬಡವಾಗತ್ತೆ. ಒಂದು ವರ್ಷದ ಹೂವು ಅಂತ ಗೊತ್ತಿದ್ದು ಹಾಕೋದಾದ್ರೆ ಹಾಕಿ.

4. ಕೊಳ್ಳೋದು

ಫೆಬ್ರವರಿ, ಮಾರ್ಚ್ ಸರಿಯಾದ ಕಾಲ, ಗಡ್ಡೆ ಮಲಗಿರತ್ತೆ, ಸಾಗಿಸಿದ್ರೂ ನೋವಾಗಲ್ಲ. ಕೈಗೆ ತಗೊಂಡ್ರೆ ಗಾತ್ರಕ್ಕೆ ತಕ್ಕ ತೂಕ ಇರಬೇಕು, ಬುಡದ ಬಿಲ್ಲೆ (ಬೇರು ಹುಟ್ಟೋ ಚಪ್ಪಟೆ ಜಾಗ) ಒತ್ತಿ ನೋಡಿ, ಮೆತ್ತಗಿದ್ರೆ, ಹುಳಿ ವಾಸನೆ ಇದ್ರೆ ಬೇಡ. ಅಮರಿಲಿಸ್‌ಗೆ ಟೈಲರ್ ಟೇಪ್ ಹಿಡಿದು ಸುತ್ತಳತೆ ನೋಡಿ, 20 ಸೆಂಟಿಮೀಟರ್‌ಗಿಂತ ಕಮ್ಮಿ ಇದ್ರೆ ಆ ವರ್ಷ ಹೂ ನಂಬ್ಕೋಬೇಡಿ. ಫುಟ್‌ಬಾಲ್ ಲಿಲಿ ದಪ್ಪ ನಿಂಬೆಹಣ್ಣಿಗಿಂತ ದೊಡ್ಡದಿರಲಿ. ಗೌರಿ ಹೂವಿನ ಗಡ್ಡೆ ನೇಗಿಲಿನ ಹಾಗೆ ಅಥವಾ ವಿ ಆಕಾರಕ್ಕೆ ಎರಡು ಕೈ ಚಾಚಿರತ್ತೆ, ಆ ಕೈಗಳ ತುದೀಲೇ ಮೊಳಕೆ ಕಣ್ಣಿರೋದು, ತುದಿ ಮುರಿದಿದ್ರೆ ಗಡ್ಡೆ ಎಷ್ಟೇ ದಪ್ಪ ಇರಲಿ ಮೊಳೆಯಲ್ಲ. ಸಯಾಮ್ ಟುಲಿಪ್‌ಗೆ ಕೆಳಗೆ ಪುಟ್ಟ ಪುಟ್ಟ ಬಿಳಿ ಗುಂಡು ಜೋತಿರತ್ತೆ, ಅದು ಅದರ ಊಟದ ಬುತ್ತಿ, ಅದು ಉದುರಿರೋದು ಬೇಡ.

ಕೆಂಪು ಕಲೆ ಕಂಡ್ರೆ ಎಲ್ಲಾ ರೋಗ ಅಲ್ಲ. ಅಮರಿಲಿಸ್ ಗಡ್ಡೆಗೆ ಗಾಯ ಆದ್ರೆ ಆ ಜಾಗ ತಾನಾಗೇ ಕೆಂಪಾಗತ್ತೆ, ಒಣಗಿ ಗಟ್ಟಿ ಇದ್ರೆ ತೊಂದ್ರೆ ಇಲ್ಲ. ತಗ್ಗು ಬಿದ್ದು ಮೆತ್ತಗಾಗಿ ಹರಡ್ತಿದ್ರೆ ಅದು ಶಿಲೀಂಧ್ರ. ಎಲೆ ಇರುವಾಗ ಕೊಳ್ಳೋದಾದ್ರೆ ಎಲೆ ಮೇಲೆ ಹಳದಿ ಗೆರೆ ಗೆರೆ ಇದ್ಯಾ ನೋಡಿ, ಅದು ಮೊಸಾಯಿಕ್ ವೈರಸ್, ಔಷಧಿ ಇಲ್ಲ, ಪಕ್ಕದ್ದಕ್ಕೂ ಹರಡತ್ತೆ.

ಆನ್‌ಲೈನಲ್ಲಿ ನೀಲಿ ಅಮರಿಲಿಸ್, ಏಳು ಬಣ್ಣದ ಟುಲಿಪ್ ಬೀಜ ಅಂತ ಫೋಟೋ ಬಂದ್ರೆ ಮುಂದೆ ಹೋಗಿ, ಆ ಫೋಟೋದಲ್ಲಿರೋ ಹಾಗೆ ಬರಲ್ಲ. ನಾನೂ ಒಂದ್ಸಲ ಫುಟ್‌ಬಾಲ್ ಲಿಲಿ ಅಂತ ತರಿಸಿ ಬಂದಿದ್ದು ಮಾಮೂಲಿ ಸ್ಪೈಡರ್ ಲಿಲಿ, ಎಲೆ ಬಿಡೋವರೆಗೆ ಗೊತ್ತಾಗಲಿಲ್ಲ, ಅಷ್ಟೊತ್ತಿಗೆ ವಾಪಸ್ ಮಾಡೋ ದಿನ ಮುಗಿದಿತ್ತು. ಅದಕ್ಕೆ ಗಡ್ಡೆಯದ್ದೇ ಫೋಟೋ ಕೇಳಿ, ಹೂವಿಂದಲ್ಲ. ಹೊರದೇಶದಿಂದ ಪೋಸ್ಟಲ್ಲಿ ನೇರವಾಗಿ ತರಿಸೋಕೆ ಹೋಗ್ಬೇಡಿ, 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರ್ಮಿಟ್, ಆ ದೇಶದ ಆರೋಗ್ಯ ಸರ್ಟಿಫಿಕೇಟ್ ಎರಡೂ ಬೇಕು.

5. ಮಣ್ಣು ಕಲಸೋದು

ಕೆಂಪು ಮಣ್ಣು 2 ಪಾಲು, ದಪ್ಪ ಮರಳು 1 ಪಾಲು, ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ 1 ಪಾಲು, ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಇಷ್ಟೇ. ತಪ್ಪಾಗೋದು ಮೂರು ಕಡೆ.

ಎಂ ಸ್ಯಾಂಡ್ ಹಾಗೇ ಹಾಕಿದ್ರೆ ಅದರಲ್ಲಿರೋ ಕಲ್ಲಿನ ಪುಡಿ ಒದ್ದೆಯಾಗಿ ಒಣಗಿ ಸಿಮೆಂಟ್ ತರ ಕೂತ್ಕೊಳ್ಳತ್ತೆ, ತೊಳೆದು ಜರಡಿ ಹಿಡಿದು ಉಳಿದ ದಪ್ಪ ಕಾಳು ಮಾತ್ರ ಬಳಸಿ. ತಿಪಟೂರು ಕಡೆಯಿಂದ ಬರೋ ಕೊಕೊಪೀಟ್ ಒಳ್ಳೇದೇ, ಆದ್ರೆ ತೊಳೀದೇ ಇರೋದ್ರಲ್ಲಿ ಉಪ್ಪಿರತ್ತೆ, ಎರಡು ಮೂರು ಸಲ ನೆನೆಸಿ ಹಿಂಡಿ, ಅದೂ ಕೆಲಾಡಿಯಂ, ಯೂಕ್ಯಾರಿಸ್‌ಗೆ ಮಾತ್ರ, ಮಲಗೋ ಗಡ್ಡೆಗೆ ಅದು ತುಂಬಾ ತೇವ ಹಿಡಿಯತ್ತೆ. ಶಿಡ್ಲಘಟ್ಟ ಸುತ್ತಮುತ್ತ ರೇಷ್ಮೆ ಹುಳದ ಹಿಕ್ಕೆ ಸುಲಭವಾಗಿ ಸಿಗತ್ತೆ, ಬಂಗಾರದಂಥ ಗೊಬ್ಬರ, ಆದ್ರೆ ಹಸೀದು ಹಾಕಿದ್ರೆ ಬಿಸಿಗೆ ಗಡ್ಡೆ ಬೆಂದೋಗತ್ತೆ, ಮೂರ್ನಾಲ್ಕು ತಿಂಗಳು ಕಳಿಯೋಕೆ ಬಿಡಿ.

6. ನೆಡೋದು

ಮಾರ್ಚ್ ಕೊನೆಯಿಂದ ಏಪ್ರಿಲ್ ಎರಡನೇ ವಾರದೊಳಗೆ ಮುಗಿಸಿ. ಎಲ್ಲವನ್ನೂ ಆಳಕ್ಕೆ ಹೂಳೋದು ಸಾಮಾನ್ಯವಾಗಿ ಆಗೋ ತಪ್ಪು. ಅಮರಿಲಿಸ್ ಕತ್ತು, ಭುಜ ಮಣ್ಣಿಂದ ಆಚೆ ಇರಬೇಕು, ಗಡ್ಡೆಯ ಮೂರನೇ ಒಂದು ಭಾಗ ಕಾಣಲಿ. ಸ್ಪ್ರೆಕೇಲಿಯಾಗೆ ಕತ್ತು ಮಾತ್ರ ಆಚೆ. ಫುಟ್‌ಬಾಲ್ ಲಿಲಿಗೆ ಕತ್ತಿನ ತುದಿ ಮಣ್ಣಿನ ಮಟ್ಟಕ್ಕೆ. ಗೌರಿ ಹೂವಿನ ಗಡ್ಡೆ ಅಡ್ಡಡ್ಡ ಮಲಗಿಸಿ ಎರಡು ಮೂರು ಇಂಚು ಮಣ್ಣು ಹಾಕಿ, ಕಡ್ಡಿಯನ್ನ ಆಗ್ಲೇ ನೆಡಿ, ಆಮೇಲೆ ಚುಚ್ಚಿದ್ರೆ ಗಡ್ಡೆಗೇ ಚುಚ್ಚತ್ತೆ. ಕೆಲಾಡಿಯಂ, ನೆಲಸಂಪಿಗೆ, ಮಳೆ ಲಿಲಿ ಎರಡು ಇಂಚು. ಸುವರ್ಣಗೆಡ್ಡೆಗೆ ಅರ್ಧ ಅಡಿ ಮಣ್ಣು ಮೇಲೆ ಬರಲಿ.

ನೆಟ್ಟ ಜಾಗಕ್ಕೆ ಹೆಸರು ಬರೆದು ಒಂದು ಗುರುತು ನೆಡಿ. ಬರೀ ಮಣ್ಣು ಕಂಡು ಮನೆಯವರು ಅಲ್ಲೇ ಕೊತ್ತಂಬರಿ ಹಾಕೋಕೆ ಅಗೆಯೋದು ನಡೆಯತ್ತೆ.

7. ನೀರು, ಗೊಬ್ಬರ

ನೆಟ್ಟ ದಿನ ಒಂದ್ಸಲ ನೀರು ಕೊಡಿ, ಆಮೇಲೆ ಮೂಗು ಕಾಣೋವರೆಗೂ ಕೈ ಕಟ್ಕೊಂಡಿರಿ. ಇದು ಕಷ್ಟ, ದಿನಾ ನೀರು ಹಾಕಬೇಕು ಅನ್ಸತ್ತೆ, ಆದ್ರೆ ಎಲೆ ಇಲ್ಲದ ಗಡ್ಡೆ ನೀರು ಕುಡಿಯಲ್ಲ, ಕೊಳೆಯತ್ತೆ ಅಷ್ಟೇ. ಎಲೆ ಬಂದ ಮೇಲೆ ವಾರಕ್ಕೆ ಎರಡು ಸಲ, ಮಳೆ ಬಂದ್ರೆ ಅದೂ ಬೇಡ.

ನಮ್ಮ ಮೂರೂ ಜಿಲ್ಲೆ ಬೋರ್‌ವೆಲ್ ನೀರಲ್ಲಿ ಗಡಸುತನ, ಬಹಳ ಕಡೆ ಫ್ಲೋರೈಡ್ ಇದೆ. ಕುಂಡದ ಅಂಚಲ್ಲಿ ಬಿಳಿ ಪುಡಿ ಕಟ್ಟೋದು ಅದೇ ಉಪ್ಪು. ಗ್ಲಾಡಿಯೋಲಸ್, ಲಿಲಿ ಎಲೆ ತುದಿ ಸುಟ್ಟಂಗೆ ಆಗೋದಕ್ಕೆ ಫ್ಲೋರೈಡೂ ಕಾರಣ, ಅವಕ್ಕೆ ಸೂಪರ್ ಫಾಸ್ಫೇಟ್ ಬೇಡ, ಅದರಲ್ಲೂ ಫ್ಲೋರೈಡ್ ಇರತ್ತೆ. ನೀರು ವೇಸ್ಟ್ ಆಗ್ಬಾರ್ದು ಅಂತ ಮನೆ ಫಿಲ್ಟರಿಂದ ಬರೋ ಆರ್‌ಒ ರಿಜೆಕ್ಟ್ ನೀರನ್ನ ಗಿಡಕ್ಕೆ ಹಾಕೋರು ತುಂಬಾ ಜನ ಇದಾರೆ, ಅದು ಬೋರ್ ನೀರಿಗಿಂತಲೂ ಉಪ್ಪು, ನೆಲ ಒರೆಸೋಕೆ ಬಳಸಿ, ಗಡ್ಡೆಗೆ ಬೇಡವೇ ಬೇಡ. ಮಳೆ ನೀರು ಹಿಡಿದಿಟ್ಕೊಳ್ಳಿ, ತಿಂಗಳಿಗೊಮ್ಮೆ ಕುಂಡದ ತಳದಿಂದ ಹರಿಯೋ ಹಾಗೆ ಹೊಯ್ದು ಉಪ್ಪು ತೊಳೀರಿ.

ಎಲೆ ಬೆಳೆಯುವಾಗ 19-19-19, ಹೂ ಮುಗಿದ ಮೇಲೆ 13-0-45, ಲೀಟರಿಗೆ 2 ಗ್ರಾಂ, 15 ದಿನಕ್ಕೊಮ್ಮೆ. ದ್ರಾಕ್ಷಿ, ಟೊಮೆಟೊಗೆ ಡ್ರಿಪ್ಪಲ್ಲಿ ಬಿಡೋ ಗೊಬ್ಬರವೇ, ಅಂಗಡೀಲಿ ಸಿಗತ್ತೆ. ಯೂರಿಯಾ ಬೇಡ, ಎಲೆ ಸೊಕ್ಕತ್ತೆ, ಗಡ್ಡೆ ಮೆತ್ತಗಾಗತ್ತೆ. ಹೂ ಬಾಡಿದ ತಕ್ಷಣ ಎಲೆ ಕತ್ತರಿಸೋರು ಇದಾರೆ, ಚೊಕ್ಕ ಕಾಣಲಿ ಅಂತ. ಮುಂದಿನ ವರ್ಷದ ಹೂವನ್ನ ಆ ಎಲೆನೇ ಕೂಡಿಡ್ತಿರೋದು, ತಾನಾಗೇ ಹಳದಿ ಆಗೋವರೆಗೆ ಮುಟ್ಬೇಡಿ.

ಮಳೆಗಾಲದಲ್ಲಿ ಎಲೆ ತಳಭಾಗ ದಿನಾ ತಿರುವಿ ನೋಡಿ. ಕಪ್ಪು ಮೈ ಮೇಲೆ ಬಿಳಿ ಪಟ್ಟೆ, ಕೆಂಪು ಚುಕ್ಕೆ ಇರೋ ಲಿಲಿ ಹುಳ ಗುಂಪಾಗಿ ಬಂದ್ರೆ ಎರಡೇ ರಾತ್ರೀಲಿ ಗೌರಿ ಹೂವು, ಅಮರಿಲಿಸ್ ಬುಡದವರೆಗೆ ಬೋಳು ಮಾಡತ್ತೆ. ಸಂಜೆ ಟಾರ್ಚ್ ಹಿಡಿದು ಕೈಯಲ್ಲಿ ಆರಿಸಿ ಸೋಪಿನ ನೀರಿಗೆ ಹಾಕೋದೇ ಸರಿಯಾದ ದಾರಿ, ಮರಿ ಹುಳಕ್ಕೆ ಬೇವಿನೆಣ್ಣೆ ಲೀಟರಿಗೆ 5 ಎಂಎಲ್, ನಾಲ್ಕು ಹನಿ ಸೋಪು.

8. ವಿಷದ ಎಚ್ಚರ

ಇದನ್ನ ದಾಟಿಸಿ ಓದ್ಬೇಡಿ. ಗೌರಿ ಹೂವಿನ ಗಡ್ಡೇಲಿ ಕೋಲ್ಚಿಸಿನ್ ಅನ್ನೋ ವಿಷ ಇದೆ, ಗೆಣಸು ಅಂದ್ಕೊಂಡು ತಿಂದು ಜನ ಸತ್ತಿದಾರೆ. ಅಮರಿಲಿಸ್, ಸ್ಪೈಡರ್ ಲಿಲಿ, ಫುಟ್‌ಬಾಲ್ ಲಿಲಿ ಎಲ್ಲಾ ವಿಷವೇ, ನೋಡೋಕೆ ಈರುಳ್ಳಿ ತರಾನೇ ಇರ್ತವೆ. ತಂದ ಗಡ್ಡೆಯನ್ನ ಅಡುಗೆಮನೆ ಬುಟ್ಟಿ ಹತ್ರ ಇಡ್ಲೇಬೇಡಿ. ಕೆಲಾಡಿಯಂ ಎಲೆ ಬಾಯಿಗೆ ಹೋದ್ರೆ ನಾಲಿಗೆ ಗಂಟಲು ಉರಿದು ಊದ್ಕೊಳ್ಳತ್ತೆ. ಚಿಕ್ಕ ಮಕ್ಕಳು, ಮೇಕೆ, ಹಸು ಓಡಾಡೋ ಕಡೆ ಬೇಲಿ ಒಳಗೇ ಇರಲಿ, ಅಗೆಯುವಾಗ ಗ್ಲೌಸ್ ಹಾಕ್ಕೊಳ್ಳಿ, ಯಾರಾದ್ರೂ ತಿಂದ್ರು ಅಂತ ಅನುಮಾನ ಬಂದ್ರೂ ಗಡ್ಡೆ ಚೂರು ಜೊತೇಲಿ ತಗೊಂಡು ತಕ್ಷಣ ಆಸ್ಪತ್ರೆಗೆ ಹೋಗಿ, ಮನೆ ಮದ್ದು ಅಂತ ಕಾಯ್ಬೇಡಿ.

9. ಮಲಗಿಸೋದು

ದೀಪಾವಳಿ ಹೊತ್ತಿಗೆ ಎಲೆ ಹಳದಿ ತಿರುಗೋಕೆ ಶುರು ಆಗತ್ತೆ. ಗಿಡ ಸಾಯ್ತಿದೆ ಅಂತ ಗಾಬರಿಯಾಗಿ ನೀರು ಜಾಸ್ತಿ ಹಾಕ್ತಾರೆ, ಇಡೀ ವರ್ಷದ ಕೆಲಸ ಕೆಡೋದು ಇಲ್ಲೇ. ಹಳದಿ ಕಂಡ ದಿನದಿಂದ ನೀರು ಕಮ್ಮಿ ಮಾಡ್ತಾ ಬನ್ನಿ, ಎಲೆ ಒಣಗಿ ತಾನಾಗೇ ಕೈಗೆ ಬಂದ ಮೇಲೆ ಪೂರ್ತಿ ನಿಲ್ಲಿಸಿ. ಕುಂಡಗಳನ್ನ ಮಳೆ ಬೀಳದ ಸಜ್ಜೆ ಕೆಳಗೆ ಪಕ್ಕಕ್ಕೆ ಒರಗಿಸಿಡಿ, ಯಾಕಂದ್ರೆ ನವೆಂಬರ್, ಡಿಸೆಂಬರಲ್ಲಿ ತಮಿಳುನಾಡು ಕಡೆಯ ಸೈಕ್ಲೋನ್ ಬಂದ್ರೆ ನಮ್ಗೂ ಎರಡು ಮೂರು ದಿನ ಜಡಿಮಳೆ ಹಿಡಿಯತ್ತೆ, ಆಗಷ್ಟೇ ಮಲಗಿದ ಗಡ್ಡೆಗೆ ಆ ತೇವ ಆಗಲ್ಲ. ಪಪೀಲಿಯೋ, ಯೂಕ್ಯಾರಿಸ್ ಬಿಟ್ಟು ಮಿಕ್ಕಿದ್ದಕ್ಕೆಲ್ಲಾ ಇದೇ.

ನೆಲದಲ್ಲಿರೋದನ್ನ, ನೀರು ಇಳಿಯೋ ಜಾಗ ಆದ್ರೆ, ಹಾಗೇ ಬಿಡಿ. ಕೆಲಾಡಿಯಂ, ಗೌರಿ ಹೂವು ಮಾತ್ರ ಅಗೆದು, ಮಣ್ಣು ಉದುರಿಸಿ, ನೆರಳಲ್ಲಿ ಒಂದು ವಾರ ಆರಿಸಿ, ಒಣ ಮರಳು ಅಥವಾ ಭತ್ತದ ಹೊಟ್ಟಲ್ಲಿ ಕಾಗದದ ಪೆಟ್ಟಿಗೆಗೆ ಹಾಕಿ. ಪ್ಲಾಸ್ಟಿಕ್ ಕವರ್ ಬೇಡ, ಬೆವರತ್ತೆ. ಪೆಟ್ಟಿಗೆ ಮೇಲೆ ದಪ್ಪಕ್ಷರದಲ್ಲಿ ಹೆಸರು, "ವಿಷ, ತಿನ್ನಬಾರದು" ಅಂತ ಬರೀರಿ. ಸಂಕ್ರಾಂತಿಗೆ ಒಂದ್ಸಲ ತೆಗೆದು ಮುಟ್ಟಿ ನೋಡಿ, ಮೆತ್ತಗಾಗಿರೋದನ್ನ ತೆಗೆದು ಆಚೆ ಹಾಕಿ. ಅಮರಿಲಿಸ್, ಫುಟ್‌ಬಾಲ್ ಲಿಲಿ ಕುಂಡಗಳನ್ನ ಪ್ರತಿ ವರ್ಷ ಕೆದಕ್ಬೇಡಿ, ಬೇರು ಕದಲಿದ್ರೆ ಮುನಿಸ್ಕೊಂಡು ಒಂದು ವರ್ಷ ಹೂ ಬಿಡಲ್ಲ, ಮರಿ ತುಂಬಿ ಕುಂಡ ಬಿಗಿ ಆದ ಮೇಲೆ, ಮೂರ್ನಾಲ್ಕು ವರ್ಷಕ್ಕೊಮ್ಮೆ ಬೇರೆ ಮಾಡಿ ಬೇಕಾದವರಿಗೆ ಹಂಚಿ.